ರೀಬಿಲ್ಡ್: ಹೊಸ ಡ್ರೈವ್ ಹಾಕಿದ ಮೇಲೆ ಶುರುವಾಗುವ ಕೆಲಸ

ಸರ್ವರ್ ರೂಮಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ‘ರೀಬಿಲ್ಡ್’ ಪದ ದಿನಾ ಓಡಾಡುತ್ತಿರುತ್ತದೆ. “ಡ್ರೈವ್ ಚೇಂಜ್ ಆಯ್ತು, ರೀಬಿಲ್ಡ್ ಓಡ್ತಾ ಇದೆ” ಎಂದು ಶಿಫ್ಟ್ ಮುಗಿಸಿದವರು ಮುಂದಿನವರಿಗೆ ಹೇಳಿ ಮನೆಗೆ ಹೊರಡುತ್ತಾರೆ. ಕೇಳಿದವರಿಗೆ ಕೆಲಸ ಮುಗಿದ ಹಾಗೆ ಅನ್ನಿಸುತ್ತದೆ. ಆದರೆ ಅಸಲಿ ಕೆಲಸ ಆಗ ತಾನೇ ಶುರುವಾಗಿರುತ್ತದೆ. ಕೆಟ್ಟ ಹಾರ್ಡ್ ಡ್ರೈವ್ ಎಳೆದು ಅದೇ ಜಾಗಕ್ಕೆ ಹೊಸದನ್ನು ತಳ್ಳುವುದಕ್ಕೆ ಐದು ನಿಮಿಷ ಸಾಕು. ಹಳೆಯದರಲ್ಲಿದ್ದ ಮಾಹಿತಿಯನ್ನು ಹೊಸದರ ಮೇಲೆ ಮತ್ತೆ ಕಟ್ಟುವುದಕ್ಕೆ ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಹೀಗೆ ಕಟ್ಟುವುದಕ್ಕೇ ರೀಬಿಲ್ಡ್ ಎನ್ನುತ್ತಾರೆ. ಡ್ರೈವ್ ಬದಲಾವಣೆಯಲ್ಲಿ ಭಯ ಪಡಬೇಕಾದ ಭಾಗವೂ ಇದೇ.

ಮಾಹಿತಿ ಎಲ್ಲಿಂದ ಬರುತ್ತದೆ? ಕೆಟ್ಟ ಡ್ರೈವ್ ಆಗಲೇ ಹೊರಗೆ ಬಂದಿದೆ. ಬ್ಯಾಕಪ್ ಟೇಪನ್ನು ಯಾರೂ ಮುಟ್ಟಿಲ್ಲ. ಇದಕ್ಕೆ ಉತ್ತರ ರೇಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಗುಂಪಾಗಿ ಬಳಸುವ ವ್ಯವಸ್ಥೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದೊಡ್ಡ ದುಬಾರಿ ಡಿಸ್ಕ್ ಒಂದರ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಗುಂಪು ಕಟ್ಟಿ ಬಳಸಬಹುದು ಎಂದು ಅದರಲ್ಲಿ ತೋರಿಸಿದರು. ಡಿಸ್ಕ್‌ಗಳ ಸಂಖ್ಯೆ ಜಾಸ್ತಿ ಆದಷ್ಟೂ ಯಾವುದೋ ಒಂದು ಕೆಡುವ ಸಾಧ್ಯತೆಯೂ ಜಾಸ್ತಿ. ಆದ್ದರಿಂದ ಒಂದು ಹೋದರೂ ಮಿಕ್ಕವುಗಳಿಂದ ಲೆಕ್ಕ ಹಾಕಿ ಅದನ್ನು ಹೊರತೆಗೆಯುವ ಹಾಗೆ ಸ್ವಲ್ಪ ಹೆಚ್ಚುವರಿ ಮಾಹಿತಿ ಬರೆದಿಡಬೇಕು. ಈ ಹೆಚ್ಚುವರಿ ಮಾಹಿತಿಗೆ ಪ್ಯಾರಿಟಿ ಎಂದು ಹೆಸರು.

ಹೋಟೆಲ್ ಬಿಲ್ಲು ನೆನಪಿಸಿಕೊಳ್ಳಿ. ದೋಸೆ 60, ಇಡ್ಲಿ 40, ಕಾಫಿ 20, ವಡೆಯ ಸಾಲಿನ ಮೇಲೆ ಸಾಂಬಾರ್ ಬಿದ್ದು ಅಳಿಸಿಹೋಗಿದೆ. ಕೆಳಗೆ ಒಟ್ಟು 150 ಎಂದಿದ್ದರೆ ವಡೆ 30 ಎಂದು ಯಾರು ಬೇಕಾದರೂ ಹೇಳುತ್ತಾರೆ. ಎರಡು ಸಾಲು ಅಳಿಸಿದರೆ ಮಾತ್ರ ಕಷ್ಟ. ರೇಡ್‌ನಲ್ಲಿ ಹಲವು ಬಗೆಗಳಿವೆ, ಅದರಲ್ಲಿ ರೇಡ್ 5 ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕೂಡುವ ಬದಲು ಬಿಟ್‌ಗಳ ಮೇಲೆ ಎಕ್ಸಾರ್ ಎಂಬ ಲೆಕ್ಕ ಹಾಕುತ್ತದೆ, ಅಷ್ಟೇ ವ್ಯತ್ಯಾಸ. ರೇಡ್ 6ರಲ್ಲಿ ಇನ್ನೊಂದು ಬೇರೆ ಬಗೆಯ ಲೆಕ್ಕವೂ ಇರುತ್ತದೆ, ಹಾಗಾಗಿ ಎರಡು ಡ್ರೈವ್ ಹೋದರೂ ತಡೆಯುತ್ತದೆ. ರೇಡ್ 1ರಲ್ಲಿ ಲೆಕ್ಕವೇ ಇಲ್ಲ, ಪೂರ್ತಿ ನಕಲು.

ಈಗ ಒಂದು ಡ್ರೈವ್ ಕೆಟ್ಟಿತು ಅನ್ನಿ. ಗುಂಪು ‘ಡಿಗ್ರೇಡೆಡ್’ ಆಯಿತು ಎನ್ನುತ್ತಾರೆ. ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ, ಫೈಲುಗಳೆಲ್ಲ ತೆರೆದುಕೊಳ್ಳುತ್ತವೆ. ಒಳಗೆ ಮಾತ್ರ, ಇಲ್ಲದ ಡ್ರೈವ್‌ನ ಒಂದು ತುಣುಕು ಬೇಕೆಂದರೂ ಉಳಿದ ಎಲ್ಲ ಡ್ರೈವ್‌ಗಳನ್ನು ಓದಿ ಲೆಕ್ಕ ಹಾಕಬೇಕು. ರೇಡ್ 5 ಆಗಿದ್ದರೆ ಇನ್ನೊಂದು ಕೈಕೊಟ್ಟರೆ ಎಲ್ಲವೂ ಹೋಯಿತು. ರೀಬಿಲ್ಡ್ ಪೂರ್ತಿ ಮುಗಿಯುವವರೆಗೆ ಇದೇ ಸ್ಥಿತಿ. ಹೊಸ ಡ್ರೈವ್ ಹಾಕಿದ ಕ್ಷಣಕ್ಕೆ ರಕ್ಷಣೆ ವಾಪಸ್ ಬರುವುದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾವೇ ಲೆಕ್ಕ ಹಾಕಬಹುದು. 16 ಟಿಬಿ ಡ್ರೈವ್, ಸೆಕೆಂಡಿಗೆ 250 ಎಂಬಿ ವೇಗ. ಭಾಗಿಸಿದರೆ 64,000 ಸೆಕೆಂಡ್, ಅಂದರೆ ಸುಮಾರು 18 ಗಂಟೆ. ಇದು ಬೇರೆ ಯಾವ ಕೆಲಸವೂ ಇಲ್ಲದೆ, ಒಂದೇ ಸಮ ಬರೆದರೆ. ಡ್ರೈವ್‌ನೊಳಗೆ ತಿರುಗುವ ತಟ್ಟೆಯ ಒಳಸುತ್ತಿಗೆ ಹೋದಂತೆ ವೇಗ ಇಳಿಯುತ್ತದೆ. ಜತೆಗೆ ಸರ್ವರ್ ತನ್ನ ದಿನದ ಕೆಲಸವನ್ನೂ ಮಾಡಬೇಕಲ್ಲ? ಎಷ್ಟು ಪಾಲು ಶಕ್ತಿಯನ್ನು ರೀಬಿಲ್ಡ್‌ಗೆ ಕೊಡಬೇಕು ಎಂದು, ಡ್ರೈವ್‌ಗಳ ಗುಂಪನ್ನು ನಡೆಸುವ ಕಾರ್ಡ್ ಆದ ರೇಡ್ ಕಂಟ್ರೋಲರ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಮೆಗಾರೇಡ್ ಜಾತಿಯ ಕಾರ್ಡ್‌ಗಳಲ್ಲಿ ಅದು ಮೊದಲಿಗೆ ಶೇ. 30ಕ್ಕೆ ನಿಂತಿರುತ್ತದೆ. ಏರಿಸಿದರೆ ಬಳಸುವವರು ಸ್ಲೋ ಎಂದು ಗೊಣಗುತ್ತಾರೆ, ಇಳಿಸಿದರೆ ಅಪಾಯದ ಅವಧಿ ಉದ್ದವಾಗುತ್ತದೆ. ನನ್ನನ್ನು ಕೇಳಿದರೆ, ರೇಡ್ 5 ಡಿಗ್ರೇಡೆಡ್ ಆಗಿದ್ದಾಗ ಗೊಣಗಾಟ ಕೇಳಿಸಿಕೊಳ್ಳುವುದೇ ವಾಸಿ.

ಇನ್ನೊಂದು ಲೆಕ್ಕವೂ ಇದೆ. ಅಂಥ ಎಂಟು ಡ್ರೈವ್‌ಗಳ ರೇಡ್ 5 ಇದ್ದು ಒಂದು ಹೋದರೆ, ಉಳಿದ ಏಳನ್ನೂ ಮೊದಲಿನಿಂದ ಕೊನೆವರೆಗೆ ಓದಬೇಕು. ಒಟ್ಟು 112 ಟಿಬಿ. ಎಂಟರ್‌ಪ್ರೈಸ್ ಡ್ರೈವ್‌ಗಳ ತಾಂತ್ರಿಕ ವಿವರದಲ್ಲಿ, ಹತ್ತರ 15ನೇ ಘಾತದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಕಡೆ ಓದಲಾಗದೇ ಹೋಗಬಹುದು ಎಂದು ಬರೆದಿರುತ್ತದೆ. ಅದು 125 ಟಿಬಿ. ಮನೆಬಳಕೆಯ ಅನೇಕ ಡ್ರೈವ್‌ಗಳಲ್ಲಿ 14ನೇ ಘಾತ, ಅಂದರೆ ಬರೀ 12.5 ಟಿಬಿ. ಇದು ಕಂಪನಿ ಕೊಡುವ ಮೇಲ್ಮಿತಿ, ನಿಜವಾದ ಡ್ರೈವ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ದೊಡ್ಡ ಡ್ರೈವ್‌ಗಳಿಗೆ ರೇಡ್ 5 ಬೇಡ, ರೇಡ್ 6 ಮಾಡಿ ಎಂದು ಎಲ್ಲರೂ ಹೇಳುವುದು ಇದೇ ಕಾರಣಕ್ಕೆ.

ರೀಬಿಲ್ಡ್ ನಡುವೆ ಹಾಗೆ ಒಂದು ಕಡೆ ಓದಲಾಗದೇ ಹೋದರೆ? ಹಳೆಯ ಕಂಟ್ರೋಲರ್ ಆದರೆ ಅಲ್ಲೇ ಕೈಬಿಡಬಹುದು. ಡೆಲ್‌ನವರ ಕಂಟ್ರೋಲರ್ ಬೇರೆ ದಾರಿ ಹಿಡಿಯುತ್ತದೆ. ಆ ಜಾಗವನ್ನು ‘ಕೆಟ್ಟದ್ದು’ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ಪಂಕ್ಚರ್. ರೀಬಿಲ್ಡ್ ಮುಗಿಯುತ್ತದೆ, ದೀಪಗಳೆಲ್ಲ ಹಸಿರು, ಸ್ಥಿತಿ ‘ಆಪ್ಟಿಮಲ್’. ಆದರೆ ಆ ಜಾಗದ ಮಾಹಿತಿ ಹೋಗಿರುತ್ತದೆ. ಆಮೇಲೆ ಅದನ್ನು ಓದಲು ಹೋದಾಗಲೆಲ್ಲ ದೋಷ ಬರುತ್ತದೆ. ಅದು ನೋಡುವುದಕ್ಕೆ ಡ್ರೈವ್ ಕೆಟ್ಟ ಹಾಗೇ ಕಾಣುವುದರಿಂದ ಜನ ಒಂದರ ಹಿಂದೆ ಒಂದು ಡ್ರೈವ್ ಬದಲಾಯಿಸುತ್ತಾ ಹೋಗುತ್ತಾರೆ. ಪಂಕ್ಚರ್ ಮಾತ್ರ ಪ್ರತಿ ರೀಬಿಲ್ಡ್‌ನಲ್ಲೂ ಹೊಸ ಡ್ರೈವ್‌ಗೆ ನಕಲಾಗುತ್ತಲೇ ಇರುತ್ತದೆ. ಇದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ. ಇಡೀ ಗುಂಪನ್ನು ಅಳಿಸಿ, ಮತ್ತೆ ಮಾಡಿ, ಬ್ಯಾಕಪ್‌ನಿಂದ ತುಂಬಬೇಕು. ರೇಡ್ ಇದೆ ಎಂದು ಬ್ಯಾಕಪ್ ಬಿಟ್ಟವರು ಸಿಕ್ಕಿಬೀಳುವುದು ಇಲ್ಲಿ.

ಇದನ್ನು ತಪ್ಪಿಸಲು ಎಲ್ಲ ಡ್ರೈವ್‌ಗಳನ್ನೂ ಆಗಾಗ ಪೂರ್ತಿ ಓದಿಸಿ ನೋಡಬೇಕು. ಕಂಟ್ರೋಲರ್ ಕಾರ್ಡ್‌ಗಳಲ್ಲಿ ಇದಕ್ಕೆ ಪ್ಯಾಟ್ರೋಲ್ ರೀಡ್ ಎನ್ನುತ್ತಾರೆ, ಸಾಫ್ಟ್‌ವೇರ್‌ನಲ್ಲೇ ರೇಡ್ ಕೆಲಸ ಮಾಡುವ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಸ್ಕ್ರಬ್. ಎಲ್ಲ ಡ್ರೈವ್‌ಗಳೂ ಸರಿ ಇರುವಾಗ ಸಿಕ್ಕ ಕೆಟ್ಟ ಜಾಗವನ್ನು ಪ್ಯಾರಿಟಿಯಿಂದ ಸರಿಮಾಡಬಹುದು. ರೀಬಿಲ್ಡ್ ನಡುವೆ ಸಿಕ್ಕರೆ ತಡವಾಯಿತು.

ಇಷ್ಟೆಲ್ಲ ಡ್ರೈವ್ ಪೂರ್ತಿ ಸತ್ತಾಗಿನ ಕಥೆ. ಸಾಯುವ ಮೊದಲೇ ಸುಳಿವು ಸಿಕ್ಕರೆ ಕೆಲಸ ತುಂಬಾ ಹಗುರ. ಡ್ರೈವ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಡುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಎರಡು. 5ನೇ ಸಾಲು, ಕೆಟ್ಟ ಸೆಕ್ಟರ್‌ಗಳ (ಮಾಹಿತಿ ಬರೆಯುವ ಪುಟ್ಟ ತುಂಡುಗಳ) ಬದಲಿಗೆ ಎಷ್ಟು ಮೀಸಲು ಸೆಕ್ಟರ್ ಬಳಸಿದೆ ಎಂಬುದು. 197ನೇ ಸಾಲು, ಓದಲಾಗದೆ ಹಾಗೇ ಬಾಕಿ ಉಳಿದ ಸೆಕ್ಟರ್‌ಗಳು. ಇವು ಮಿತಿ ದಾಟಿದರೆ ಸರ್ವರ್ ‘ಪ್ರಿಡಿಕ್ಟಿವ್ ಫೇಲ್ಯೂರ್’ ಎಂದು ಎಚ್ಚರಿಸುತ್ತದೆ. ಇದನ್ನು ಎಷ್ಟು ನಂಬಬೇಕು? 2007ರಲ್ಲಿ ಗೂಗಲ್‌ನವರು ತಮ್ಮ ಡ್ರೈವ್‌ಗಳ ಮೇಲೆ ಅಧ್ಯಯನ ಮಾಡಿ ಪ್ರಕಟಿಸಿದರು. ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡ್ರೈವ್, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಅಂಥ ದೋಷ ಇಲ್ಲದ ಡ್ರೈವ್‌ಗಿಂತ 39 ಪಟ್ಟು. ಅದೇ ಅಧ್ಯಯನದಲ್ಲಿ, ಕೆಟ್ಟ ಡ್ರೈವ್‌ಗಳಲ್ಲಿ ಶೇ. 56ಕ್ಕೂ ಹೆಚ್ಚು, ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ಎಚ್ಚರಿಕೆ ಬಂದರೆ ತಡಮಾಡಬೇಡಿ, ಬಂದಿಲ್ಲ ಎಂದು ನಿಶ್ಚಿಂತೆಯೂ ಬೇಡ.

ಎಚ್ಚರಿಕೆ ಬಂದ ಡ್ರೈವ್ ಇನ್ನೂ ಓದುತ್ತಿದ್ದರೆ ತಕ್ಷಣ ಎಳೆದು ಬಿಸಾಡುವುದು ಒಳ್ಳೆಯದಲ್ಲ. ಖಾಲಿ ಬೇ (ಡ್ರೈವ್ ಕೂರುವ ಗೂಡು) ಒಂದಿದ್ದರೆ ಹೊಸ ಡ್ರೈವ್ ಅಲ್ಲಿ ಹಾಕಿ, ಹಳೆಯದರಿಂದ ಹೊಸದಕ್ಕೆ ನೇರ ನಕಲು ಮಾಡಿಸಬಹುದು. ಡೆಲ್‌ನ ಕಾರ್ಡ್‌ಗಳಲ್ಲಿ ಇದು ‘ರಿಪ್ಲೇಸ್ ಮೆಂಬರ್’. ಝಡ್‌ಎಫ್‌ಎಸ್‌ನಲ್ಲಿ ಹಳೆಯ ಡಿಸ್ಕ್ ತೆಗೆಯದೆ ರಿಪ್ಲೇಸ್ ಆದೇಶ ಕೊಟ್ಟರೆ ಆಯಿತು, ಲಿನಕ್ಸ್‌ನಲ್ಲಿ ರೇಡ್ ನಡೆಸುವ ಎಂಡಿಎಡಿಎಂ ಸಾಫ್ಟ್‌ವೇರ್‌ನಲ್ಲೂ ದಾರಿಯಿದೆ. ಹೀಗೆ ಮಾಡಿದರೆ ಗುಂಪು ಒಂದು ಕ್ಷಣವೂ ಡಿಗ್ರೇಡೆಡ್ ಆಗುವುದಿಲ್ಲ. ಹಳೆಯದರಲ್ಲಿ ಒಂದೆರಡು ಜಾಗ ಓದಲಾಗದಿದ್ದರೆ ಅಷ್ಟನ್ನು ಮಾತ್ರ ಉಳಿದವುಗಳಿಂದ ಲೆಕ್ಕ ಹಾಕಿ ತುಂಬುತ್ತದೆ. ಎಷ್ಟೋ ಜನ ಈ ಸೌಲಭ್ಯ ಇದ್ದೂ ಬಳಸುವುದಿಲ್ಲ. ಹಳದಿ ದೀಪ ಕಂಡ ತಕ್ಷಣ ಎಳೆಯುವ ಚಾಳಿ.

ಎಳೆಯುವುದರಲ್ಲೂ ಒಂದು ಗಂಡಾಂತರವಿದೆ: ಪಕ್ಕದ ಒಳ್ಳೆಯ ಡ್ರೈವ್ ಎಳೆದುಬಿಡುವುದು. ಬೆಂಗಳೂರಿನಲ್ಲಿ ಕೂತ ಸಪೋರ್ಟ್ ಎಂಜಿನಿಯರ್ ಫೋನಿನಲ್ಲಿ “ಮೂರನೇ ಡ್ರೈವ್ ತೆಗೀರಿ” ಅನ್ನುತ್ತಾರೆ. ದೂರದ ಡೇಟಾ ಸೆಂಟರ್‌ನಲ್ಲಿ ನಿಂತವರು ಎಡದಿಂದ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಕೆಲವು ಸರ್ವರ್‌ಗಳಲ್ಲಿ ಬೇಗಳ ಎಣಿಕೆ ಸೊನ್ನೆಯಿಂದ, ಕೆಲವದರಲ್ಲಿ ಒಂದರಿಂದ. “ಸರ್, ಸೊನ್ನೆಯಿಂದ ಎಣಿಸಬೇಕಾ, ಒಂದರಿಂದಾನಾ?” ಎಂದು ಕೇಳುವ ಟೆಕ್ನೀಷಿಯನ್ ಸಿಕ್ಕರೆ ಪುಣ್ಯ. ಅದಕ್ಕಿಂತ ನೆಚ್ಚಿಕೆಯ ದಾರಿ ಎಂದರೆ ಲೊಕೇಟ್ ದೀಪ ಮಿನುಗಿಸುವುದು, ಸೀರಿಯಲ್ ನಂಬರ್ ಓದಿಸಿ ತಾಳೆ ನೋಡುವುದು. ದೀಪದ ಬಣ್ಣ, ಮಿಟುಕುವ ರೀತಿ ಒಂದೊಂದು ಕಂಪನಿಗೂ ಬೇರೆ ಬೇರೆ.

ಸರ್ವರ್ ಆಫ್ ಮಾಡದೆ ಡ್ರೈವ್ ತೆಗೆಯುವುದಕ್ಕೆ ಹಾಟ್ ಸ್ವಾಪ್ ಎನ್ನುತ್ತಾರೆ. ಕನೆಕ್ಟರ್‌ನಲ್ಲಿ ಕೆಲವು ಪಿನ್‌ಗಳು ಉಳಿದವಕ್ಕಿಂತ ಉದ್ದ ಇರುತ್ತವೆ. ಒಳಗೆ ತಳ್ಳುವಾಗ ಗ್ರೌಂಡ್ ಮೊದಲು ಕೂಡಿಕೊಳ್ಳಲಿ, ಕಿಡಿ ಹಾರದಿರಲಿ ಎಂದು ಹೀಗೆ ಮಾಡಿರುತ್ತಾರೆ. ತೆಗೆಯುವಾಗ ಒಂದೇ ಸಲ ಎಳೆಯಬೇಡಿ. ಲಾಚ್ ಬಿಡಿಸಿ, ಸ್ವಲ್ಪವೇ ಹೊರಗೆ ಜಗ್ಗಿ, ಅರ್ಧ ನಿಮಿಷ ಹಾಗೇ ಬಿಡಿ. ಒಳಗೆ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತವೆ, ಅವು ನಿಲ್ಲಬೇಕು. ಆಮೇಲೆ ಕ್ಯಾಡಿಯ (ಡ್ರೈವ್ ಹಿಡಿದಿಡುವ ಚೌಕಟ್ಟಿನ) ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸುವುದು, ಅದರಲ್ಲಿ ವಿಶೇಷ ಏನೂ ಇಲ್ಲ.

ವಿಶೇಷ ಇರುವುದು ಹೊಸ ಡ್ರೈವ್ ಆರಿಸುವುದರಲ್ಲಿ. ಗಾತ್ರ ಹಳೆಯದರಷ್ಟೇ ಅಥವಾ ದೊಡ್ಡದಿರಬೇಕು. ಕೆಲವೇ ಸೆಕ್ಟರ್ ಕಡಿಮೆ ಇದ್ದರೂ ಕಂಟ್ರೋಲರ್ ಒಪ್ಪದಿರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಅಗ್ಗಕ್ಕೆ ಸಿಕ್ಕ ಹಳೆಯ ಎಂಟರ್‌ಪ್ರೈಸ್ ಡ್ರೈವ್ ಹಾಕಿದರೆ ಎರಡು ಬಗೆಯ ಕಿರಿಕಿರಿ. ಬೇರೆ ರೇಡ್‌ನಿಂದ ಬಂದದ್ದಾದರೆ ಅದರ ಮೇಲೆ ಹಳೆಯ ಗುಂಪಿನ ಗುರುತು ಉಳಿದಿರುತ್ತದೆ. ಕಂಟ್ರೋಲರ್ ‘ಫಾರಿನ್’ ಎಂದು ತೋರಿಸಿ ಸುಮ್ನೆ ಕೂರುತ್ತದೆ. ಆ ಗುರುತು ಅಳಿಸುವವರೆಗೆ ರೀಬಿಲ್ಡ್ ಶುರುವಾಗುವುದಿಲ್ಲ. ದೊಡ್ಡ ಸ್ಟೋರೇಜ್ ಪೆಟ್ಟಿಗೆಯಿಂದ ಬಂದದ್ದಾದರೆ ಅದರ ಸೆಕ್ಟರ್ 512 ಬೈಟ್ ಇರದೆ 520 ಬೈಟ್ ಇರಬಹುದು. ಮತ್ತೆ ಫಾರ್ಮ್ಯಾಟ್ ಮಾಡದೆ ಮಾಮೂಲಿ ಸರ್ವರ್‌ನಲ್ಲಿ ಅದು ನಡೆಯುವುದಿಲ್ಲ. ಎಸ್‌ಎಂಆರ್ ಡ್ರೈವ್‌ಗಳಂತೂ ಬೇಡವೇ ಬೇಡ. ಅವುಗಳಲ್ಲಿ ಬರಹದ ಪಟ್ಟಿಗಳು ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡಿರುವುದರಿಂದ ಎಡೆಬಿಡದ ಬರವಣಿಗೆಗೆ ಉಸಿರುಗಟ್ಟುತ್ತವೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡ್ರೈವ್‌ಗಳು ಈ ಜಾತಿಯವು ಎಂದು ಬಯಲಾದಾಗ ದೊಡ್ಡ ಗಲಾಟೆಯೇ ಆಯಿತು. ಝಡ್‌ಎಫ್‌ಎಸ್ ಬಳಸುವವರ ರೀಬಿಲ್ಡ್ ದಿನಗಟ್ಟಲೆ ಎಳೆಯುತ್ತಿತ್ತು.

ಬದಲಿ ಡ್ರೈವನ್ನು ಮೊದಲೇ ಒಳಗೆ ಹಾಕಿಟ್ಟಿದ್ದರೆ ಅದು ಹಾಟ್ ಸ್ಪೇರ್. ಮಧ್ಯರಾತ್ರಿ ಒಂದು ಕೆಟ್ಟರೆ ಯಾರೂ ಬರುವ ಮೊದಲೇ ಅದರ ಮೇಲೆ ರೀಬಿಲ್ಡ್ ಶುರುವಾಗಿರುತ್ತದೆ. ಬೆಳಿಗ್ಗೆ ಕೆಟ್ಟದ್ದನ್ನು ಬದಲಾಯಿಸಿದರೆ ಸ್ಪೇರ್‌ನಲ್ಲಿದ್ದದ್ದು ಹೊಸದಕ್ಕೆ ನಕಲಾಗಿ ಸ್ಪೇರ್ ಮತ್ತೆ ಖಾಲಿಯಾಗುತ್ತದೆ, ಇದು ಕಾಪಿಬ್ಯಾಕ್.

ಒಂದೇ ದಿನ ಕೊಂಡ, ಒಂದೇ ಬ್ಯಾಚಿನ ಡ್ರೈವ್‌ಗಳು ಒಟ್ಟಿಗೇ ಮುದಿಯಾಗುತ್ತವೆ ಎಂಬುದನ್ನೂ ಮರೆಯಬಾರದು. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ (ತಿರುಗುವ ತಟ್ಟೆಯಿಲ್ಲದ ಡ್ರೈವ್‌ಗಳ) ಬಗ್ಗೆ ಎಚ್ಚರಿಕೆ ಕೊಟ್ಟಿತು. ಫರ್ಮ್‌ವೇರ್ (ಡ್ರೈವ್‌ನೊಳಗೇ ಇರುವ ಸಾಫ್ಟ್‌ವೇರ್) ದೋಷದಿಂದ ಅವು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಸಾಯುತ್ತಿದ್ದವು. ಒಟ್ಟಿಗೆ ಸ್ವಿಚ್ ಹಾಕಿದ ಡ್ರೈವ್‌ಗಳು ಹೆಚ್ಚುಕಡಿಮೆ ಒಟ್ಟಿಗೇ. ಅಂಥ ಕಡೆ ರೇಡ್ 6 ಇದ್ದರೂ ಏನು ಮಾಡೀತು? ಹಾರ್ಡ್ ಡ್ರೈವ್‌ಗಳಲ್ಲಿ ಇಷ್ಟು ಕರಾರುವಾಕ್ಕಾದ ಸಾವು ಅಪರೂಪ, ಆದರೆ ಫರ್ಮ್‌ವೇರ್ ನೋಟಿಸುಗಳನ್ನು ಓದುವುದು ಒಳ್ಳೆಯದು.

ಸಾವಿರಾರು ಡ್ರೈವ್ ಇರುವ ಕಡೆ ಇದು ದಿನಚರಿ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಡ್ರೈವ್‌ಗಳ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. 2024ರಲ್ಲಿ ಅವರ ಸುಮಾರು 3 ಲಕ್ಷ ಡ್ರೈವ್‌ಗಳ ಪೈಕಿ ವಾರ್ಷಿಕ ಲೆಕ್ಕದಲ್ಲಿ ಶೇ. 1.57 ಕೆಟ್ಟವು. ಸಾವಿರಕ್ಕೆ ಹದಿನೈದು, ಹದಿನಾರು. ಅಂಥವರು ಈಗ ಒಂದೇ ಡ್ರೈವ್ ಮೇಲೆ ಎಲ್ಲ ಭಾರ ಹಾಕುವ ರೀಬಿಲ್ಡ್ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ. ಖಾಲಿ ಜಾಗವನ್ನೇ ಎಲ್ಲ ಡ್ರೈವ್‌ಗಳಿಗೂ ಹಂಚಿಟ್ಟರೆ ಕಟ್ಟುವ ಕೆಲಸವೂ ಹಂಚಿಹೋಗುತ್ತದೆ, ಬೇಗ ಮುಗಿಯುತ್ತದೆ. 2021ರಲ್ಲಿ ಓಪನ್ ಝಡ್‌ಎಫ್‌ಎಸ್ 2.1ಕ್ಕೆ ಬಂದ ಡಿರೇಡ್ ಇದೇ ಜಾತಿಯದು.

ಇನ್ನು ಹೊರಗೆ ಬಂದ ಹಳೆಯ ಡ್ರೈವ್. ಕೆಟ್ಟಿದೆ ಎಂದ ಮಾತ್ರಕ್ಕೆ ಅದರೊಳಗಿನ ಮಾಹಿತಿ ಹೋಗಿರುವುದಿಲ್ಲ. ಡ್ರೈವ್ ಓಡದಿದ್ದರೆ ಅಳಿಸುವ ಸಾಫ್ಟ್‌ವೇರ್ ಕೂಡ ಓಡುವುದಿಲ್ಲ. ವಾರಂಟಿಯಲ್ಲಿ ಬದಲಿ ಕೊಡುವ ಕಂಪನಿ ಸಾಮಾನ್ಯವಾಗಿ ಹಳೆಯದನ್ನು ವಾಪಸ್ ಕೇಳುತ್ತದೆ. ಬ್ಯಾಂಕು, ಆಸ್ಪತ್ರೆಯಂಥವರು ಅದಕ್ಕೇ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು, ಕೆಟ್ಟ ಡ್ರೈವನ್ನು ತಾವೇ ಇಟ್ಟುಕೊಳ್ಳುವ ಕರಾರು ಮಾಡಿಕೊಂಡಿರುತ್ತಾರೆ. ಆಮೇಲೆ ಬಲವಾದ ಅಯಸ್ಕಾಂತದ ಯಂತ್ರಕ್ಕೋ ಪುಡಿಮಾಡುವ ಯಂತ್ರಕ್ಕೋ ಹಾಕಿ, ಸೀರಿಯಲ್ ನಂಬರ್ ಸಮೇತ ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಾರೆ. ಡ್ರೈವ್ ಮೊದಲಿಂದಲೇ ಎನ್‌ಕ್ರಿಪ್ಟ್ ಆಗಿದ್ದರೆ ಕೆಲಸ ಸುಲಭ, ಕೀ ಅಳಿಸಿದರೆ ಆಯಿತು. ಆದರೆ ಆ ಸೆಟ್ಟಿಂಗನ್ನು ಡ್ರೈವ್ ಕೆಡುವ ಮೊದಲೇ ಹಾಕಿರಬೇಕು.