ಎರಡೇ ಎರಡು ಎಳೆ ಸೊಪ್ಪು

ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ರೇಷ್ಮೆಮರಿಗೆ, ಕೃತಕ ಆಹಾರ ಕೊಟ್ಟು ಬಂದ ಎರಡು ಮೂರು ದಿನಕ್ಕೆ ಫೋನ್ ಬಂದರೆ ವಿಷಯ ಕೇಳುವ ಮೊದಲೇ ಗೊತ್ತಾಗುತ್ತದೆ. "ಹುಳು ಮುಟ್ಟುತ್ತಲೇ ಇಲ್ಲ ಸರ್, ಆಹಾರವೇ ಸರಿಯಿಲ್ಲ." ನಾನು ಕೇಳುವುದು ಒಂದೇ: ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕಿದಿರಾ? ಸ್ವಲ್ಪ ಹೊತ್ತು ಮೌನ. ಆಮೇಲೆ, "ಎರಡೇ ಎರಡು ಎಳೆ ಸೊಪ್ಪು..."

ಆ ಎರಡೇ ಸಾಕು, ಕೆಲಸ ಕೆಡಲು. ರೇಷ್ಮೆಹುಳು ಸಿಕ್ಕಿದ್ದನ್ನೆಲ್ಲ ತಿನ್ನುವ ಜೀವಿಯಲ್ಲ. ವಾಸನೆ ಎಳೆಯಬೇಕು, ಕಚ್ಚಬೇಕೆನ್ನಿಸಬೇಕು, ಕಚ್ಚಿದ್ದು ಗಂಟಲಿಗಿಳಿಯಬೇಕು. ಈ ಮೂರಕ್ಕೂ ಹಿಪ್ಪುನೇರಳೆಯಲ್ಲಿ ಬೇರೆ ಬೇರೆ ವಸ್ತುಗಳಿವೆ ಎಂದು ತೋರಿಸಿದವರು ಜಪಾನಿನ ವಿಜ್ಞಾನಿ ಹಮಾಮುರಾ. ಅಲ್ಲಿ 1960ರ ಹೊತ್ತಿಗೇ ಕೃತಕ ಆಹಾರದಲ್ಲಿ ಹುಳು ಸಾಕಿದ್ದರು. ನಾವೂ ಸೋಯಾ ಹಿಟ್ಟು, ಪಿಷ್ಟ, ಜೀವಸತ್ವಗಳಿಗೆ ಸೊಪ್ಪಿನ ಪುಡಿ ಬೆರೆಸಿಯೇ ಬೇಯಿಸುತ್ತೇವೆ. ಮೊಟ್ಟೆಯೊಡೆದು ಬಂದ ಮರಿಗೆ ಅದೇ ಮೊದಲ ತುತ್ತಾದರೆ ಒಪ್ಪಿಕೊಳ್ಳುತ್ತದೆ. ಎಲ್ಲ ತಳಿಗಳೂ ಒಂದೇ ಸಮನಾಗಿ ಒಪ್ಪುವುದಿಲ್ಲ, ತರುವ ಮುನ್ನ ವಿಚಾರಿಸಿ. ಆದರೆ ಒಮ್ಮೆ ಹಸಿ ಸೊಪ್ಪಿನ ರುಚಿ ಹತ್ತಿತೋ, ಹುಳು ಹಸಿದು ಕೂರುತ್ತದೆಯೇ ಹೊರತು ಹಿಂದಿರುಗುವುದು ಬಹಳ ಕಷ್ಟ. ಆಹಾರದಿಂದ ಸೊಪ್ಪಿಗೆ ಹೋಗುವುದು ಸಲೀಸು, ಸೊಪ್ಪಿನಿಂದ ಆಹಾರಕ್ಕೆ ಬರುವುದಲ್ಲ. ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಸಮಯ) ಬಿಟ್ಟೆದ್ದ ಮೇಲೆ ತೋಟದ ಸೊಪ್ಪನ್ನು ಧಾರಾಳವಾಗಿ ಕೊಡಿ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಪಾಲು ಕೊನೆಯದಾದ ಐದನೇ ಹಂತದಲ್ಲೇ ಖರ್ಚಾಗುತ್ತದೆ. ಹಾಗಾಗಿ ತೋಟ ಕಿತ್ತುಹಾಕುವ ಮಾತೂ ಬೇಡ.

ಶಿಡ್ಲಘಟ್ಟದ ಕಡೆಯ ಒಂದು ಮನೆಯಲ್ಲಿ ತಟ್ಟೆ ತೆರೆದು ನೋಡಿದ್ದೆ. ಆಹಾರದ ಎಳೆಗಳು ಹಾಕಿದ್ದ ಹಾಗೆಯೇ ಬಿದ್ದು, ತುದಿ ಒಣಗಿ ಸುರುಟಿದ್ದವು. ಮೂಲೆಯಲ್ಲಿದ್ದ ಒಂದು ಎಲೆಯ ಸುತ್ತ ಮಾತ್ರ, ಅಂಚಿಗೆ ಕಪ್ಪು ದಾರ ಹೊಲಿದಂತೆ, ಮರಿಗಳು ಮುತ್ತಿದ್ದವು. ಎಲೆಯ ಪಕ್ಕದಲ್ಲೇ ಬೂಷ್ಟಿನ ಬಿಳಿ ಚುಕ್ಕೆ. ತೊಳೆದು ಶುದ್ಧ ಮಾಡಿದ ತಟ್ಟೆಗೆ ಹೊರಗಿನ ಎಲೆ ತನ್ನ ಜೊತೆ ಏನನ್ನು ಬೇಕಾದರೂ ತರಬಹುದು.

ಹಾಕಿದವರು ಮನೆಯ ಅಜ್ಜಿ. "ಹಸುಗೂಸುಗಳಪ್ಪಾ, ಬರೀ ಹಿಟ್ಟು ಕೊಟ್ಟು ಹೇಗೆ ಸುಮ್ಮನಿರಲಿ?" ಎಂದರು. ಗದರಿಸಲೆಂದು ಹೋದವನಿಗೆ ಬಾಯಿ ಬರಲಿಲ್ಲ. ಐವತ್ತು ವರ್ಷ ಹುಳು ಸಾಕಿದ ಕೈ ಅದು. ಇಂಥವರ ಅಕ್ಕರೆಯಿಂದಲೇ ನಮ್ಮ ರೇಷ್ಮೆ ಉಳಿದಿದೆ.

ಮುಂದಿನ ಬೆಳೆಗೆ ಮತ್ತೆ ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹುಳು ಎರಡನೇ ಜ್ವರದಿಂದ ಏಳುವ ದಿನಕ್ಕೆ ಅಜ್ಜಿ ಅರಿಶಿನದ ಬೊಟ್ಟಿಟ್ಟಿದ್ದರು. ಸೊಪ್ಪಿನ ಬುಟ್ಟಿ ಅಂಗಳದಲ್ಲೇ ಇತ್ತು.