ರಜೆ ಬರಲಿ ಎನ್ನುವ ಸಂಶೋಧಕರಿಗೆ

ಸಣ್ಣ ಕಾಲೇಜಿಗೆ ಹೊಸದಾಗಿ ಸೇರಿದ ವಿಜ್ಞಾನಿಗಳ ಬಾಯಲ್ಲಿ ಒಂದೇ ಮಾತು: ‘ಈ ಸೆಮಿಸ್ಟರ್ ಪಾಠ ಮುಗಿಯಲಿ, ರಜೆಯಲ್ಲಿ ಸಂಶೋಧನೆ ಶುರು ಮಾಡ್ತೀನಿ.’ ದಯವಿಟ್ಟು ಬೇಡ. ರಜೆ ಬರುವ ಹೊತ್ತಿಗೆ ಆಮ್ಲೀಯತೆ ಅಳೆಯುವ ಪಿಎಚ್ ಮೀಟರಿನ ಎಲೆಕ್ಟ್ರೋಡ್ ಬಟ್ಟಿ ಇಳಿಸಿದ ನೀರಲ್ಲೇ ಮುಳುಗಿ ಕೆಟ್ಟಿರುತ್ತದೆ (ಅದನ್ನು 3 ಮೋಲಾರ್ ಸಾಂದ್ರತೆಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕಿತ್ತು). ಆಂಪಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳ ಸತ್ವ ಇಳಿದಿರುತ್ತದೆ, ಬಫರಿಗೆ (ಪಿಎಚ್ ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣಕ್ಕೆ) ಬೂಷ್ಟು. ಕೈ ಪಳಗಿದ ವಿದ್ಯಾರ್ಥಿಯೂ ಮನೆಗೆ ಹೋಗಿಯಾಗಿರುತ್ತದೆ.

ಪಾಠದ ನಡುವೆ ಸಮಯ ಸಿಗುತ್ತದೆ, ಚೂರುಚೂರಾಗಿ. ಹಾಗಾಗಿ ಪ್ರಯೋಗ ಆರಿಸುವಾಗಲೇ ನೋಡಿಕೊಳ್ಳಿ: ಇದನ್ನು ಎಲ್ಲೆಲ್ಲಿ ನಿಲ್ಲಿಸಬಹುದು? ಈ ಮಾತನ್ನು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಡಿಎನ್‌ಎ ಬೇರ್ಪಡಿಸುವ ಕೆಲಸವನ್ನು ನಡುವೆ ನಿಲ್ಲಿಸಬಹುದು: ಡಿಎನ್‌ಎ ದ್ರಾವಣಕ್ಕೆ ಅದರ ಹತ್ತನೇ ಒಂದು ಪಾಲು 3 ಮೋಲಾರ್ ಸೋಡಿಯಂ ಅಸಿಟೇಟ್ (ಪಿಎಚ್ 5.2), ಎರಡರಿಂದ ಎರಡೂವರೆ ಪಾಲು ಎಥನಾಲ್ ಸೇರಿಸಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟುಬಿಡಿ. ಸೋಮವಾರದ ಕೆಲಸ ಗುರುವಾರದವರೆಗೆ ಅಲ್ಲಾಡದೆ ಕೂತಿರುತ್ತದೆ. ಪಿಸಿಆರ್ (ಡಿಎನ್‌ಎಯ ಒಂದು ತುಣುಕಿನ ಪ್ರತಿಗಳನ್ನು ಯಂತ್ರದಲ್ಲಿ ಹೆಚ್ಚಿಸುವ ವಿಧಾನ) ಹಚ್ಚಿ ತರಗತಿಗೆ ಹೋದರೆ ಯಂತ್ರವೇ ಕೊನೆಗೆ 4 ಡಿಗ್ರಿಗೆ ಇಳಿದು ಕಾಯುತ್ತದೆ. ಬ್ಯಾಕ್ಟೀರಿಯಾದ ಬೆಳವಣಿಗೆ ರೇಖೆಗೆ (ಹೊತ್ತು ಕಳೆದಂತೆ ಅವು ಎಷ್ಟು ಹೆಚ್ಚಿದವು ಎಂದು ತೋರಿಸುವ ನಕ್ಷೆಗೆ) ಈ ತಾಳ್ಮೆಯಿಲ್ಲ. ಅರ್ಧ ಗಂಟೆಗೊಮ್ಮೆ ಅಳೆಯಬೇಕು, ಏಳೆಂಟು ಗಂಟೆ. ಒಳ್ಳೆಯ ಪೋಷಕ ಮಾಧ್ಯಮದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನೀವು ಒಂದು ಗಂಟೆ ಪಾಠ ಮಾಡಿ ಬರುವಷ್ಟರಲ್ಲಿ ಅದು ಎಂಟು ಪಟ್ಟು. ರೇಖೆಯಲ್ಲಿ ನಿಮಗೆ ಬೇಕಿದ್ದ ಏರುಭಾಗವೇ ಕೈಬಿಟ್ಟಿರುತ್ತದೆ. ಬೇಗ ಕೆಡುವ ಆರ್‌ಎನ್‌ಎಯನ್ನು ಬೇರ್ಪಡಿಸುವುದೂ ಇದೇ ಜಾತಿ. ಇಂಥವಕ್ಕೆ ವಾರದಲ್ಲಿ ಪಾಠವಿಲ್ಲದ ಒಂದು ಇಡೀ ದಿನ ವೇಳಾಪಟ್ಟಿ ಹಾಕುವಾಗಲೇ ಕೇಳಿ ಪಡೆಯಿರಿ; ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ವಿಷಯ ಬೇರೆಯಾದರೆ ವಿವರವೂ ಬೇರೆ. ರಸಾಯನಶಾಸ್ತ್ರದವರು ನಾನು ಹೇಳಿದೆನೆಂದು ರಿಫ್ಲಕ್ಸ್ (ದ್ರಾವಕವನ್ನು ಕುದಿಸಿ ಅದರ ಆವಿಯನ್ನು ತಂಪಾಗಿಸಿ ಮರಳಿಸುವುದು) ಹಚ್ಚಿಟ್ಟು ತರಗತಿಗೆ ಹೋಗಬೇಡಿ, ಆವಿ ತಂಪಾಗಿಸುವ ಕಂಡೆನ್ಸರಿನ ನೀರು ನಿಂತರೆ ದ್ರಾವಕದ ಆವಿ ಕೋಣೆ ತುಂಬುತ್ತದೆ.

ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ ಮೊದಲ ಎರಡು ವಾರ ಉತ್ತರ ಗೊತ್ತಿರುವ ಪ್ರಯೋಗವನ್ನೇ ಕೊಡಿ. ಪಿಪೆಟ್ ಹಿಡಿತ ಕೂರುವ ಮೊದಲೇ ಹೊಸ ಫಲಿತಾಂಶ ಬಂದರೆ ಅದು ಶೋಧವೋ ತಪ್ಪೋ ಹೇಳುವವರಿಲ್ಲ. ಒಂದು ಕೆಲಸ ಇಬ್ಬರಿಗೆ ಕಲಿಸಿ, ಒಬ್ಬರು ಹಿರಿಯರು, ಒಬ್ಬರು ಕಿರಿಯರು. ಪಾಪ, ಮಕ್ಕಳು ಕೆಲಸವನ್ನು ಚೆನ್ನಾಗಿಯೇ ಮಾಡಿರುತ್ತಾರೆ, ಟ್ಯೂಬಿನ ಮೇಲೆ ಮಾತ್ರ ‘ಸ್ಯಾಂಪಲ್ 1’ ಎಂದಷ್ಟೇ ಬರೆದಿರುತ್ತಾರೆ. ಆಲ್ಕೋಹಾಲಿಗೆ ಅಳಿಸದ ಪೆನ್ನಿನಲ್ಲಿ ತಾರೀಖು, ಹೆಸರಿನ ಮೊದಲಕ್ಷರ, ನೋಟ್‌ಬುಕ್ಕಿನ ಪುಟಸಂಖ್ಯೆ ಮೂರೂ ಇರಲಿ. ಆ ಪುಟದ ಕೊನೆಯ ಸಾಲಿನಲ್ಲಿ ಎರಡು ಸಂಗತಿ: ಟ್ಯೂಬು ಯಾವ ಫ್ರೀಜರಿನ ಯಾವ ಡಬ್ಬಿಯಲ್ಲಿದೆ, ನಾಳೆ ಬಂದವರು ಮೊದಲು ಮಾಡಬೇಕಾದ್ದೇನು.