ಮಹತ್ವವಲ್ಲದ ಕೆಲಸಗಳನ್ನು ಕೈಬಿಡುವುದು: ನಾನು ಎಡವಿದ ಹೆಜ್ಜೆಯ ಟಿಪ್ಪಣಿ

ಧಾರವಾಡದ ಸಪ್ತಾಪುರದಲ್ಲಿ ಕೊಠಡಿ ಹಿಡಿದು ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುತ್ತಿರುವ ನಾನು, ಕಳೆದ ತಿಂಗಳು ಒಂದು ವಾರ, ಎದ್ದಾಗಿನಿಂದ ಮಲಗುವವರೆಗೆ ಮಾಡಿದ್ದನ್ನೆಲ್ಲ ಹಳೆಯ ಡೈರಿಯೊಂದರಲ್ಲಿ ಗಂಟೆವಾರು ಬರೆದಿಟ್ಟೆ. ಮನೆಗೆ ಫೋನು ಮಾಡಿದಾಗಲೆಲ್ಲ ದಿನಕ್ಕೆ 12 ಗಂಟೆ ಓದುತ್ತೇನೆಂದು ಹೇಳುತ್ತಿದ್ದೆ. ಡೈರಿಯ ಪ್ರಕಾರ ಪಠ್ಯಕ್ಕೆ ಸಂದದ್ದು ಐದೂವರೆ ಗಂಟೆ. ಉಳಿದ ಸಮಯವೇನೂ ಹರಟೆಗೆ ಹೋಗಿರಲಿಲ್ಲ, ಅದೂ ‘ಓದಿನ ಕೆಲಸ’ಕ್ಕೇ ಹೋಗಿತ್ತು. ಯಾವುದನ್ನು ಬಿಡಬೇಕೆಂದು ತೀರ್ಮಾನಿಸಲು ಕುಳಿತಾಗ ಎಲ್ಲಿ ತಪ್ಪಿದೆನೆಂಬುದನ್ನು, ಮರೆಯುವ ಮುನ್ನ, ಇಲ್ಲಿ ಬರೆದಿಡುತ್ತಿದ್ದೇನೆ.

ನಾಲ್ಕು ಮನೆಗಳ ಚೌಕ

ಇದು ಬಹಳ ಜನರಿಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ, ಕಾಲೇಜೊಂದರ ಮಾಜಿ ಮುಖ್ಯಸ್ಥರ ಮಾತೆಂದು ಹೇಳಿ, ಸಮಸ್ಯೆಗಳನ್ನು ತುರ್ತಿನವು ಮತ್ತು ಮಹತ್ವದವು ಎಂದು ಬೇರ್ಪಡಿಸಿದರು. ಅದನ್ನೇ ಮುಂದೆ ನಾಲ್ಕು ಮನೆಗಳ ಚೌಕವಾಗಿ ಬೆಳೆಸಲಾಯಿತು: ತುರ್ತೂ ಮಹತ್ವವೂ ಇರುವುದನ್ನು ಈಗಲೇ ಮಾಡುವುದು, ಮಹತ್ವವಿದ್ದು ತುರ್ತಿಲ್ಲದ್ದಕ್ಕೆ ವೇಳೆ ಗೊತ್ತುಮಾಡುವುದು, ತುರ್ತು ಮಾತ್ರ ಇರುವುದನ್ನು ಇನ್ನೊಬ್ಬರಿಗೆ ಒಪ್ಪಿಸುವುದು, ಎರಡೂ ಇಲ್ಲದ್ದನ್ನು ಬಿಡುವುದು. ನಮ್ಮ ಕಡೆಯ ಮಾತಿನಲ್ಲಿ ಒಂದು ತೊಡಕಿದೆ. ‘ಅರ್ಜಂಟ್ ಐತಿ’ ಎಂಬ ಒಂದೇ ಮಾತು ತುರ್ತಿಗೂ ಮಹತ್ವಕ್ಕೂ ಸಲ್ಲುತ್ತದೆ. ಪಕ್ಕದ ಕೊಠಡಿಯ ಗೆಳೆಯ ಬಾಗಿಲು ಬಡಿದು ಹಾಗೆಂದರೆ, ಅದು ಅರ್ಜಿಯ ಕೊನೆಯ ದಿನವೂ ಇರಬಹುದು, ಚಹಾಕ್ಕೆ ಜೊತೆಯೂ ಇರಬಹುದು. ಗಡುವು ಹತ್ತಿರವಿದೆಯೆಂಬ ಕಾರಣಕ್ಕೇ ಜನರು ಕಡಿಮೆ ಲಾಭದ ಕೆಲಸವನ್ನು ಆರಿಸುತ್ತಾರೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಆದ್ದರಿಂದ ತುರ್ತಿನ ಬಗ್ಗೆ ನಾನು ಎಚ್ಚರವಾಗಿಯೇ ಇದ್ದೆ. ಎಡವಿದ್ದು ಬೇರೆಡೆ.

ಉಪಯುಕ್ತವಾದುದೆಲ್ಲ ಮಹತ್ವದ್ದಲ್ಲ

ಪಟ್ಟಿಯಲ್ಲಿದ್ದ 34 ಕೆಲಸಗಳನ್ನು ಚೌಕದಲ್ಲಿ ಹಂಚಿದಾಗ 29 ಕೆಲಸಗಳು ‘ಮಹತ್ವದ’ ಮನೆಗಳಲ್ಲೇ ಬಂದು ಕುಳಿತವು. ಕೈಬಿಡಲು ಸಿಕ್ಕಿದ್ದು ಎರಡು. ಇನ್ನೆರಡು ಬಾರಿ ಹಂಚಿದರೂ ಫಲಿತಾಂಶ ಬದಲಾಗಲಿಲ್ಲ. ಮೂರನೆಯ ಬಾರಿಗೆ ತಿಳಿದದ್ದೇನೆಂದರೆ, ನಾನು ಪ್ರತಿಯೊಂದು ಕೆಲಸದ ಮುಂದೆ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. ‘ಇದರಿಂದ ಪ್ರಯೋಜನವಿದೆಯೇ?’ ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವುದೇ ಅಪರೂಪ. ಎರಡನೆಯ ದಿನಪತ್ರಿಕೆ ಓದುವುದರಿಂದ ಪ್ರಯೋಜನವಿದೆ. ಗೆಳೆಯನ ಟಿಪ್ಪಣಿಯನ್ನು ಜೆರಾಕ್ಸ್ ಮಾಡಿಸಿಕೊಳ್ಳುವುದರಿಂದ ಪ್ರಯೋಜನವಿದೆ. ಪುಸ್ತಕವೊಂದನ್ನು ಹುಡುಕಿಕೊಂಡು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವುದರಿಂದಲೂ ಪ್ರಯೋಜನವಿದೆ.

ಇದು ಮನಸ್ಸಿಗೆ ಹತ್ತಿದ್ದು ಹೊಲದ ನೆನಪಿನಿಂದ. ಗದಗ ಜಿಲ್ಲೆಯ ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ದಟ್ಟವಾಗಿ ಹುಟ್ಟಿದಾಗ, ಕಾಕಾ ಸಾಲಿನುದ್ದಕ್ಕೂ ಬಗ್ಗಿ ನಡೆಯುತ್ತ, ಒತ್ತಾಗಿ ನಿಂತ ಸಸಿಗಳಲ್ಲಿ ಕೆಲವನ್ನು ಕಿತ್ತು ಬದುವಿಗೆ ಎಸೆಯುತ್ತಿದ್ದರು. ಕಳೆ ತೆಗೆಯುತ್ತಿದ್ದಾರೆಂದು ತಿಳಿದಿದ್ದ ನಾನು ಒಮ್ಮೆ, ‘ಕಾಕಾ, ಅದು ಜ್ವಾಳನ ಐತಲ್ರೀ’ ಎಂದೆ. ‘ಜ್ವಾಳನ ಐತಿ, ಖರೆ. ಇದನ್ನ ಬಿಟ್ರ ಎರಡೂ ತೆನಿ ಹಿಡಿಯಂಗಿಲ್ಲ’ ಎಂದರು. ಹಿಂಗಾರಿ ಜೋಳ ಬೆಳೆಯುವುದು ಬಹುಪಾಲು ನೆಲದೊಳಗೆ ಉಳಿದ ಹಸಿಯಿಂದ. ಆ ಹಸಿ ಇಷ್ಟೇ ಎಂದು ಮೊದಲೇ ನಿಶ್ಚಯವಾಗಿರುತ್ತದೆ, ಹೆಚ್ಚುವರಿ ಸಸಿಯೂ ಅದನ್ನೇ ಕುಡಿಯುತ್ತದೆ. ನನ್ನ ಪಟ್ಟಿಯಲ್ಲಿ ಕಳೆ ಎನ್ನಬಹುದಾದ ಕೆಲಸಗಳು ಎರಡೇ ಇದ್ದವು, ಅವನ್ನು ಕಿತ್ತಾಗಿತ್ತು. ಇನ್ನು ಕೀಳಬೇಕಾದದ್ದು ಜೋಳದ ಸಸಿಗಳನ್ನೇ.

ಹೀಗಾಗಿ ಪ್ರಶ್ನೆಯನ್ನು ಬದಲಿಸಿಕೊಂಡೆ: ‘ಇದನ್ನು ಒಂದು ತಿಂಗಳು ಮಾಡದಿದ್ದರೆ ಯಾವ ಪ್ರಶ್ನೆಪತ್ರಿಕೆಯ ಯಾವ ಭಾಗದ ಅಂಕ ಹೋಗುತ್ತದೆ?’ ಉತ್ತರವಾಗಿ ಭಾಗದ ಹೆಸರು ಹೇಳಲು ಬಂದರೆ ಕೆಲಸ ಉಳಿಯುತ್ತದೆ. ‘ಒಟ್ಟಾರೆ ಜ್ಞಾನ ಕಡಿಮೆಯಾಗುತ್ತದೆ’ ಎಂಬಂತಹ ಉತ್ತರ ಬಂದರೆ ಹೋಗುತ್ತದೆ. ಪೂರ್ವಭಾವಿಯಲ್ಲಿ ತಲಾ 100 ಪ್ರಶ್ನೆಗಳ, 200 ಅಂಕಗಳ ಎರಡು ಪತ್ರಿಕೆಗಳಿದ್ದು, ಭಾಗಗಳೂ ಗೊತ್ತಾಗಿರುವುದರಿಂದ ಈ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಕೊಡುವುದು ಕಷ್ಟ. ನಾಲ್ಕನೆಯ ಹಂಚಿಕೆಯಲ್ಲಿ ಉಳಿದದ್ದು 13 ಕೆಲಸಗಳು.

ಗೋಂದು ಹಚ್ಚಿದ ಕಡತಗಳು

ಆ ನಾಲ್ಕನೆಯ ಹಂಚಿಕೆಯಲ್ಲಿಯೂ ಒಂದು ಕೆಲಸ ನಾಲ್ಕು ವಾರ ಅತ್ತ ಇತ್ತ ಓಲಾಡಿತು. ಪ್ರತಿದಿನ ಬೆಳಗ್ಗೆ ಎರಡು ಪತ್ರಿಕೆಗಳಿಂದ ಸುದ್ದಿಗಳನ್ನು ಕತ್ತರಿಸಿ, ಗೋಂದು ಹಚ್ಚಿ ಹಾಳೆಗೆ ಅಂಟಿಸಿ, ಅಂಚಿನಲ್ಲಿ ನಾಲ್ಕು ಬಣ್ಣದ ಪೆನ್ನುಗಳಿಂದ ವಿಷಯ, ದಿನಾಂಕ, ಸಾರಾಂಶ ಬರೆದು ಕಡತಕ್ಕೆ ಸೇರಿಸುತ್ತಿದ್ದೆ. ಡೈರಿಯ ಲೆಕ್ಕದಲ್ಲಿ ಇದಕ್ಕೆ ದಿನಕ್ಕೆ ಸರಾಸರಿ 70 ನಿಮಿಷ. ಕಡತಗಳು ಮೂರಾಗಿದ್ದವು, ಗೋಂದಿನಿಂದ ಉಬ್ಬಿ ಮುಚ್ಚಲು ಬಾರದಂತಿದ್ದವು, ಅವುಗಳ ಮೇಲೆ ನನಗೆ ಅಭಿಮಾನವೂ ಇತ್ತು. ಪ್ರಚಲಿತ ವಿದ್ಯಮಾನಕ್ಕೆ ಅಂಕಗಳಿರುವುದರಿಂದ ಮೇಲಿನ ಪ್ರಶ್ನೆಗೂ ಇದು ಉತ್ತರ ಕೊಡುತ್ತಿತ್ತು.

ಇಲ್ಲಿ ನೆರವಾದದ್ದು ಪೆನ್ಸಿಲ್ ಗುರುತು. ಇಂತಹ ಕೆಲಸದ ಫಲವನ್ನು ಮತ್ತೆ ಬಳಸಿದಾಗಲೆಲ್ಲ ಆ ಹಾಳೆಯ ಮೂಲೆಯಲ್ಲಿ ಒಂದು ಗೀಟು ಹಾಕುವುದು, ಅಷ್ಟೇ. ನಾಲ್ಕು ವಾರಗಳ ನಂತರ ಮೂರೂ ಕಡತಗಳನ್ನು ತಿರುವಿದೆ. ಏಳು ಗೀಟುಗಳಿದ್ದವು, ಅವುಗಳಲ್ಲಿ ನಾಲ್ಕು ಒಂದೇ ಹಾಳೆಯ ಮೇಲಿದ್ದವು. ಅದು ಮಹದಾಯಿ ವಿವಾದದ ಹಾಳೆ, ಅದನ್ನು ತೆರೆದದ್ದೂ ಖಾನಾವಳಿಯ ಊಟದ ಸಾಲಿನಲ್ಲಿ ಹುಟ್ಟಿದ ವಾದವನ್ನು ಗೆಲ್ಲುವುದಕ್ಕಾಗಿ. ವಿಷಯಕ್ಕೆ ಮಹತ್ವವಿತ್ತು, ನಾನು ಅದಕ್ಕಾಗಿ ಮಾಡುತ್ತಿದ್ದ ಕೆಲಸಕ್ಕೆ ಇರಲಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಕಡತ ನಾಲ್ಕು ವಾರ ಜೀವ ಹಿಡಿದಿತ್ತು. ಪಟ್ಟಿಯಲ್ಲಿ ‘ಪ್ರಚಲಿತ ವಿದ್ಯಮಾನ’ ಎಂದು ಬರೆಯುವ ಬದಲು ‘ಕತ್ತರಿಸುವುದು, ಅಂಟಿಸುವುದು, ಬಣ್ಣದಲ್ಲಿ ಬರೆಯುವುದು’ ಎಂದು ಕೈ ಮಾಡುವ ಕೆಲಸವನ್ನೇ ಬರೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಈಗ ಒಂದೇ ಪತ್ರಿಕೆ, 30 ನಿಮಿಷ; ಓದಿದ ಮೇಲೆ ಅದನ್ನು ಮಡಚಿಟ್ಟು, ನೆನಪಿನಿಂದಲೇ ಐದು ಪ್ರಶ್ನೆಗಳನ್ನು ಬರೆದುಕೊಂಡು ಭಾನುವಾರ ಉತ್ತರಿಸುತ್ತೇನೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ, ಓದಿ ತಮ್ಮನ್ನು ತಾವು ಪರೀಕ್ಷಿಸಿಕೊಂಡವರು ಮುಂದಿದ್ದರು. ಬಣ್ಣದ ಪೆನ್ನು ಕೊಡುತ್ತಿದ್ದ ತೃಪ್ತಿ ಆ ಐದು ನಿಮಿಷದ್ದೆಂದು ನನಗನ್ನಿಸುತ್ತದೆ.

ತೆರವಾದ ನಿಮಿಷಗಳು

ಮೊದಲ ವಾರ ಉಳಿದ 40 ನಿಮಿಷಗಳು ಎಲ್ಲಿ ಹೋದವೆಂದು ಡೈರಿಗೂ ತಿಳಿಯಲಿಲ್ಲ. ಉಪಾಹಾರ ನಿಧಾನವಾಯಿತು, ಉಳಿದ ಪತ್ರಿಕೆಯ ಓದು ಹಿಗ್ಗಿತು. ಇರುವ ಸಮಯವನ್ನೆಲ್ಲ ತುಂಬುವಂತೆ ಕೆಲಸ ಹಿಗ್ಗುತ್ತದೆಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ಸರ್ಕಾರಿ ಕಚೇರಿಗಳ ಕುರಿತು, ಆದರೆ ಸಪ್ತಾಪುರದ ಕೊಠಡಿಗೂ ಅದು ಸಲ್ಲುತ್ತದೆ. ಎರಡನೆಯ ವಾರದಿಂದ, ಕತ್ತರಿ ಮತ್ತು ಗೋಂದು ಇರುತ್ತಿದ್ದ ಮೇಜಿನ ಮೂಲೆಯಲ್ಲಿ, ಸಾಮಾನ್ಯ ಮಾನಸಿಕ ಸಾಮರ್ಥ್ಯದ 30 ಪ್ರಶ್ನೆಗಳ ಒಂದು ಹಾಳೆಯನ್ನು ಹಿಂದಿನ ರಾತ್ರಿಯೇ ಇಟ್ಟು ಮಲಗುತ್ತಿದ್ದೇನೆ. ಪತ್ರಿಕೆ ಮಡಚಿದೊಡನೆ ಕೈಗೆ ಸಿಗುವುದು ಅದೇ.